ನರದ ತುದಿಗೂ ಬೆರಳುಂಟು

ಎರಡು ತಿಂಗಳ ಹಿಂದೆ ಇದೇ ಪುಟದಲ್ಲಿ ಕೂಸಿನ ಮಿದುಳಿನ ಬಗ್ಗೆ ಒಂದು ಪ್ರಶ್ನೆಗೆ ಉತ್ತರ ಬರೆಯುವಾಗ, "ಬೆಳೆಯುತ್ತಿರುವ ನರದ ತುದಿಗೆ ಬೆರಳುಗಳಿರುತ್ತವೆ, ಅದು ತಡವಿಕೊಂಡು ಮುಂದೆ ಹೋಗುತ್ತದೆ" ಅಂತ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವರು ಕುತೂಹಲಕ್ಕೆ ಕೇಳಿದ್ದಾರೆ. ಒಬ್ಬರು ಜಗಳಕ್ಕೇ ಬಂದಿದ್ದಾರೆ. ಇನ್ನೊಬ್ಬರು ತಮ್ಮ ಕೈಯ ಗಾಯದ ಬಗ್ಗೆ ಬರೆದಿದ್ದಾರೆ. ಹಾಗಾಗಿ ಈ ತಿಂಗಳು ಸಕ್ಕರೆ ಕಾಯಿಲೆ, ಮೊಣಕಾಲು ನೋವು ಎಲ್ಲ ಪಕ್ಕಕ್ಕೆ. ಪುಟ ಪೂರ್ತಿ ನರದ ತುದಿಗೆ.

ಹೊಸ ಓದುಗರಿಗೆ ಒಂದು ಮಾತು. ನಾನು ಕಲಬುರಗಿಯಲ್ಲಿ ಮೆಡಿಕಲ್ ಹುಡುಗರಿಗೆ 31 ವರ್ಷ ಅನಾಟಮಿ ಕಲಿಸಿದವಳು, ಈಗ ನಿವೃತ್ತೆ. ನನ್ನ ಉತ್ತರ ಔಷಧಿ ಚೀಟಿ ಅಲ್ಲ. ತೋರಿಸಿಕೊಳ್ಳಬೇಕಾದ್ದನ್ನು ಡಾಕ್ಟರಿಗೇ ತೋರಿಸಿಕೊಳ್ಳಿ.

ಪ್ರಶ್ನೆ: ಅಕ್ಕೋರೇ, ನರದ ತುದಿಗೆ ಬೆರಳಿರ್ತಾವ ಅಂದ್ರಿ. ನಮ್ಮ ಪುಸ್ತಕದಾಗ ನರಕೋಶದ ಚಿತ್ರ ಐತಿ, ತುದಿಯಲ್ಲಿ ಬರೀ ಗುಂಡು ಗುಂಡು ಗಂಟು ಅದಾವ. ಬೆರಳು ಎಲ್ಲಿ? ಒಳಗ ಏನಿರ್ತದ?
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಸೇಡಂ

ತಂಗಿ, ನಿನ್ನ ಪುಸ್ತಕದ ಚಿತ್ರ ಸರಿಯಾಗೇ ಇದೆ. ಅದು ಊರು ಮುಟ್ಟಿ ಸಂಸಾರ ಹೂಡಿದ ನರಕೋಶದ ಚಿತ್ರ. ನಾನು ಹೇಳಿದ್ದು ಇನ್ನೂ ದಾರಿಯಲ್ಲಿರುವ ನರದ ಮಾತು. ಗರ್ಭದಲ್ಲಿ ಕೂಸಿನ ಮಿದುಳು ಕಟ್ಟಿಕೊಳ್ಳುವಾಗ ನರಕೋಶ ತನ್ನ ಮೈಯಿಂದ ಒಂದು ಉದ್ದನೆಯ ಎಳೆ ಹೊರಡಿಸುತ್ತದೆ. ಆ ಎಳೆಯ ಮುಂತುದಿಗೆ ಗ್ರೋತ್ ಕೋನ್ ಅಂತ ಹೆಸರು. ನಾನು ಪಾಠ ಮಾಡುವಾಗ 'ಬೆಳೆತುದಿ' ಅನ್ನುತ್ತಿದ್ದೆ, ಇಲ್ಲೂ ಹಾಗೇ ಅನ್ನುತ್ತೇನೆ.

ನಿನ್ನ ಬಲಗೈಯನ್ನು ಬೆರಳಗಲಿಸಿ ಮೇಜಿನ ಮೇಲೆ ಇಡು. ಮುಂಗೈ ಅಂದರೆ ಹಿಂದಿನಿಂದ ಬಂದ ಎಳೆ. ಅಂಗೈ ಅಂದರೆ ಬೆಳೆತುದಿಯ ನಡುಭಾಗ. ಬೆರಳುಗಳ ಹೆಸರು ಫಿಲೊಪೋಡಿಯಾ. ಬೆರಳುಗಳ ನಡುವೆ ಬಾತುಕೋಳಿಯ ಕಾಲಲ್ಲಿ ಇರುವಂಥ ತೆಳ್ಳನೆಯ ಪೊರೆ ಇರುತ್ತದೆ, ಅದಕ್ಕೆ ಲ್ಯಾಮೆಲಿಪೋಡಿಯಾ ಅನ್ನುತ್ತಾರೆ. ಬೆರಳು ಐದೇ ಅಂತ ಲೆಕ್ಕ ಇಲ್ಲ. ನೋಡನೋಡುತ್ತಲೇ ಒಂದು ಕಡೆ ಹೊಸದು ಚಾಚಿಕೊಳ್ಳುತ್ತದೆ, ಇನ್ನೊಂದು ಕಡೆ ಹಳೆಯದು ಒಳಗೆ ಸರಿಯುತ್ತದೆ.

ಅಳತೆ ಹೇಳಿದರೆ ನಂಬಲಿಕ್ಕಿಲ್ಲ. ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಅನ್ನುತ್ತಾರೆ. ಬೆಳೆತುದಿಯ ಅಂಗೈ ಸಾಮಾನ್ಯವಾಗಿ 5ರಿಂದ 10 ಮೈಕ್ರಾನ್ ಅಗಲ. ನಿನ್ನ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಅಂತಿಟ್ಟುಕೋ. ಅದರ ಅಡ್ಡಕ್ಕೆ ಏಳೆಂಟು ಬೆಳೆತುದಿ ಸಾಲಾಗಿ ಕೂತುಬಿಡುತ್ತವೆ. ಬೆರಳಿನ ದಪ್ಪ 0.2 ಮೈಕ್ರಾನ್ ಆಸುಪಾಸು. ನಿಮ್ಮ ಕಾಲೇಜಿನ ಮೈಕ್ರೋಸ್ಕೋಪಿನಂಥದ್ದು ಬಿಡಿಸಿ ತೋರಿಸಬಲ್ಲ ಕಡೆಯ ಅಳತೆಯೂ ಸುಮಾರು ಅಷ್ಟೇ.

ಇನ್ನು ಒಳಗೆ. ಬೆರಳಿನ ಉದ್ದಕ್ಕೂ ಆಕ್ಟಿನ್ ಅನ್ನೋ ಪ್ರೋಟೀನಿನ ದಾರಗಳ ಕಟ್ಟು ಇರುತ್ತದೆ, ಪೊರಕೆ ಕಡ್ಡಿ ಕಟ್ಟಿದ ಹಾಗೆ. ಒಂದೊಂದು ದಾರವೂ 7 ನ್ಯಾನೋಮೀಟರ್ ದಪ್ಪ. ಒಂದು ಮೈಕ್ರಾನಿಗೆ ಸಾವಿರ ನ್ಯಾನೋಮೀಟರ್. ಪೊರೆಯಲ್ಲೂ ಆಕ್ಟಿನ್ನೇ ಇದೆ, ಆದರೆ ಅಲ್ಲಿ ಅದು ಕಟ್ಟಾಗಿರದೆ ಬಲೆಯಂತೆ ಹೆಣೆದುಕೊಂಡಿರುತ್ತದೆ. ಅಂಗೈ ಭಾಗಕ್ಕೆ ಬಂದರೆ ಸಾಮಾನೇ ಬೇರೆ. 25 ನ್ಯಾನೋಮೀಟರ್ ದಪ್ಪದ ಮೈಕ್ರೊಟ್ಯೂಬ್ಯೂಲ್ ಅನ್ನೋ ಕೊಳವೆಗಳು ಹಿಂದಿನ ಎಳೆಯಿಂದ ಕಂತೆಯಾಗಿ ಬಂದು ಇಲ್ಲಿ ಬಿಚ್ಚಿಕೊಳ್ಳುತ್ತವೆ. ಅವುಗಳ ಮೇಲೇ ಸರಕು ಸಾಗುತ್ತದೆ. ಶಕ್ತಿ ಕೊಡುವ ಮೈಟೊಕಾಂಡ್ರಿಯಾ, ಕೋಶದ ಹೊರಮೈಗೆ ಹೊಸ ಪೊರೆ ಹೊತ್ತು ತರುವ ಗುಳ್ಳೆಗಳು, ಇವೆಲ್ಲ ಅಂಗೈಯಲ್ಲೇ. ಬೆರಳಿನ ಕಡೆ ಇವು ಅಷ್ಟಾಗಿ ಹೋಗುವುದಿಲ್ಲ.

ಈಗ ಅದು ನಡೆಯುವ ರೀತಿ ಕೇಳು. ಹಿಂದಿನಿಂದ ಯಾರೋ ನೂಕುತ್ತಾರೆ ಅಂತ ನನ್ನ ವಿದ್ಯಾರ್ಥಿಗಳೆಲ್ಲ ಮೊದಲು ಅಂದುಕೊಳ್ಳುತ್ತಿದ್ದರು. ನೀನೂ ಹಾಗೇ ಅಂದುಕೊಂಡಿರಬೇಕು, ಅಲ್ವಾ? ಮಳೆ ಬಿದ್ದ ಮೇಲೆ ನಮ್ಮ ಕಡೆಯ ಎರಿ ಹೊಲದಲ್ಲಿ ಟ್ರ್ಯಾಕ್ಟರ್ ಸಿಕ್ಕಿಕೊಂಡದ್ದನ್ನು ನೋಡಿರುತ್ತೀಯ. ಇಂಜಿನ್ ಹೊಡಕೊಳ್ಳುತ್ತದೆ, ಗಾಲಿ ಗರಗರ ತಿರುಗುತ್ತದೆ, ಕೆಸರು ಹಿಂದಕ್ಕೆ ಚಿಮ್ಮುತ್ತದೆ. ಗಾಡಿ ಮಾತ್ರ ಇದ್ದಲ್ಲೇ. ಬೆಳೆತುದಿಯ ಬೆರಳೊಳಗೂ ದಿನವಿಡೀ ಇದೇ ನಡೆದಿರುತ್ತದೆ. ಬೆರಳ ತುದಿಯಲ್ಲಿ ಆಕ್ಟಿನ್ ದಾರಕ್ಕೆ ಹೊಸ ತುಂಡು ಸೇರುತ್ತಾ ಇರುತ್ತದೆ. ಬುಡದಲ್ಲಿ ಮಯೋಸಿನ್ ಅನ್ನೋ ಇನ್ನೊಂದು ಪ್ರೋಟೀನ್ ಆ ದಾರವನ್ನು ಹಿಂದಕ್ಕೆ ಎಳೆಯುತ್ತಾ ಇರುತ್ತದೆ. ನಿನ್ನ ತೋಳಿನ ಸ್ನಾಯುವಿನಲ್ಲಿರುವ ಮಯೋಸಿನ್‌ಗೆ ಇದು ದಾಯಾದಿ. ಎಳೆದ ದಾರ ಬುಡದಲ್ಲಿ ಬಿಚ್ಚಿಹೋಗಿ, ಅದೇ ತುಂಡುಗಳು ಮತ್ತೆ ತುದಿಗೆ ಬರುತ್ತವೆ. ಹೀಗೆ ದಾರ ನಿಮಿಷಕ್ಕೆ ಕೆಲವು ಮೈಕ್ರಾನ್ ವೇಗದಲ್ಲಿ ಹಿಂದಕ್ಕೆ ಜಾರುತ್ತದೆ, ಬೆರಳು ಮಾತ್ರ ಇದ್ದಷ್ಟೇ ಉದ್ದ.

ಗಾಲಿ ಕೆಳಗೆ ನಾಲ್ಕು ಕಲ್ಲು ಹಾಕಿದರೆ ಟ್ರ್ಯಾಕ್ಟರ್ ಏಳುತ್ತದಲ್ಲ, ಹಾಗೆ ಬೆರಳಿಗೂ ಹಿಡಿತ ಸಿಗಬೇಕು. ಒಂದು ಬೆರಳು ತನಗೆ ಒಗ್ಗುವ ನೆಲಕ್ಕೆ ಅಂಟಿಕೊಂಡಾಗ ಕೋಶದ ಹೊರಪೊರೆಯಲ್ಲಿರುವ ಅಂಟು ಪ್ರೋಟೀನುಗಳು ಒಳಗಿನ ಆಕ್ಟಿನ್ ದಾರವನ್ನು ಹೊರಗಿನ ನೆಲಕ್ಕೆ ಕಟ್ಟಿಹಾಕುತ್ತವೆ. ದಾರ ಹಿಂದೆ ಜಾರುವುದು ಕಡಿಮೆಯಾಗುತ್ತದೆ. ತುದಿಯಲ್ಲಿ ಸೇರುವ ಹೊಸ ತುಂಡು ಈಗ ಪೊರೆಯನ್ನೇ ಮುಂದೆ ತಳ್ಳುತ್ತದೆ. ಆ ಬೆರಳಿನ ಕಡೆಗೆ ಹಿಂದಿನ ಕೊಳವೆಗಳು ನುಗ್ಗುತ್ತವೆ, ಅಂಗೈ ಅಲ್ಲಿಗೆ ಸರಿಯುತ್ತದೆ, ಹಿಂದೆ ಉಳಿದದ್ದು ಎಳೆಯಾಗುತ್ತದೆ. 1988ರಲ್ಲಿ ಮಿಚಿಸನ್ ಮತ್ತು ಕಿರ್ಷ್ನರ್ ಅನ್ನೋ ಇಬ್ಬರು ವಿಜ್ಞಾನಿಗಳು ಇದಕ್ಕೆ ಕ್ಲಚ್ ಅನ್ನೋ ಹೋಲಿಕೆಯನ್ನೇ ಕೊಟ್ಟರು. ಅವರೂ ಟ್ರ್ಯಾಕ್ಟರ್ ಓಡಿಸಿದವರೇನೋ ಅಂತ ನಾನು ಕ್ಲಾಸಿನಲ್ಲಿ ಹೇಳುತ್ತಿದ್ದೆ. ಹುಡುಗರು ನಗುತ್ತಿದ್ದರು, ಆದರೆ ಪರೀಕ್ಷೆಯಲ್ಲಿ ಯಾರೂ ತಪ್ಪು ಬರೆಯುತ್ತಿರಲಿಲ್ಲ.

ಪ್ರಶ್ನೆ: ನಮ್ಮ ಮನೆತನದ್ದು ಬಿದರಿ ಕೆಲಸ. ಕೂದಲಿಗಿಂತ ಸಣ್ಣ ತಂತಿ ನಾವು ಕಂಡಿಲ್ಲ. ಇಷ್ಟು ಸಣ್ಣದನ್ನು ಮೊದಲು ಕಂಡವರು ಯಾರು, ಹೆಂಗ ಕಂಡ್ರು?
— ಓದುಗರು, ಬೀದರ್

ನಿಮ್ಮ ಪತ್ರ ನೋಡಿ ನನಗೆ ಖುಷಿಯಾಯಿತು. ಯಾಕೆಂದರೆ ಈ ಕಥೆಯಲ್ಲೂ ಬೆಳ್ಳಿ ಇದೆ, ಕಪ್ಪೂ ಇದೆ.

ನೀವು ಸತು-ತಾಮ್ರದ ಎರಕದ ಮೇಲೆ ಕೊರೆದು, ಬೆಳ್ಳಿ ತಂತಿ ಬಡಿದು ಕೂಡಿಸಿ, ಕಡೆಗೆ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಹಚ್ಚುತ್ತೀರಿ. ಹೂಜಿಯ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇಟಲಿಯ ಕಾಮಿಲೊ ಗಾಲ್ಜಿ 1873ರಲ್ಲಿ ಇದರ ತಿರುಗುಮುರುಗು ಕೆಲಸ ಕಂಡುಹಿಡಿದ. ಮಿದುಳಿನ ಚೂರನ್ನು ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ನೆನೆಹಾಕಿ, ಆಮೇಲೆ ಬೆಳ್ಳಿಯ ಉಪ್ಪಾದ ಸಿಲ್ವರ್ ನೈಟ್ರೇಟಿನಲ್ಲಿ ಇಟ್ಟ. ನೂರರಲ್ಲಿ ಕೆಲವೇ ನರಕೋಶಗಳ ಒಳಗೆ ಬೆಳ್ಳಿಯ ಉಪ್ಪು ತುಂಬಿಕೊಂಡು ಅವು ಪೂರ್ತಿ ಕಪ್ಪಾದವು. ಉಳಿದದ್ದೆಲ್ಲ ಹಳದಿಯಾಗೇ ಉಳಿಯಿತು. ಎಲ್ಲ ಕಪ್ಪಾಗಿದ್ದರೆ ಏನೂ ಕಾಣುತ್ತಿರಲಿಲ್ಲ. ಕೆಲವೇ ಕಪ್ಪಾದದ್ದರಿಂದ ಬುಡದಿಂದ ತುದಿಯವರೆಗೆ ಒಂದು ಕೋಶ ಒಂಟಿಯಾಗಿ ಕಂಡಿತು. ಯಾಕೆ ಕೆಲವಕ್ಕೆ ಮಾತ್ರ ಬಣ್ಣ ಹಿಡಿಯುತ್ತದೆ ಅನ್ನುವುದು ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ಕೋಟೆಯ ಮಣ್ಣಿನ ಗುಟ್ಟಿನ ಹಾಗೇ ಅಂತಿಟ್ಟುಕೊಳ್ಳಿ.

ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಹಾಲ್ ಇದೇ ವಿಧಾನ ಹಿಡಿದ. ಆದರೆ ದೊಡ್ಡ ಪ್ರಾಣಿಯ ಮಿದುಳು ಬಿಟ್ಟು ಕೋಳಿಮೊಟ್ಟೆ ಕೈಗೆತ್ತಿಕೊಂಡ. ಬೆಳೆದ ಮಿದುಳು ದಟ್ಟ ಕಾಡು, ಭ್ರೂಣದ ಮಿದುಳು ಈಗ ತಾನೇ ನೆಟ್ಟ ಸಸಿಗಳ ಮಡಿ. 1890ರಲ್ಲಿ, ಬಾರ್ಸಿಲೋನಾದಲ್ಲಿ ಇದ್ದಾಗ, ಮೂರ್ನಾಲ್ಕು ದಿನ ಕಾವು ಕೊಟ್ಟ ಮೊಟ್ಟೆಯ ಮರಿಯ ಬೆನ್ನುಹುರಿಯಲ್ಲಿ ನರದ ಎಳೆಯ ತುದಿ ಉಬ್ಬಿ ಶಂಕುವಿನ ಆಕಾರದಲ್ಲಿ ಇರುವುದನ್ನು ಕಂಡ. ಕೋನ್ ಅನ್ನೋ ಹೆಸರು ಅಲ್ಲಿಂದ ಬಂತು. ಅವನು ಕಂಡದ್ದು ಸತ್ತ ಬೆಳೆತುದಿ. ಆದರೂ ಇದು ಮೆತ್ತನೆಯ ದಿಮ್ಮಿಯಂತೆ ದಾರಿ ಮಾಡಿಕೊಂಡು ನುಗ್ಗುವ, ಜೀವಂತ ಚಲಿಸುವ ವಸ್ತು ಅಂತ ಊಹಿಸಿದ. ಧೈರ್ಯದ ಊಹೆ ಬಿಡಿ.

ಜೀವಂತ ತೋರಿಸಿದವನು ಅಮೆರಿಕದ ರಾಸ್ ಹ್ಯಾರಿಸನ್, 1907ರಲ್ಲಿ. ಕಪ್ಪೆ ಭ್ರೂಣದ ನರ ಅಂಗಾಂಶದ ಚೂರನ್ನು ಕಪ್ಪೆಯದೇ ದುಗ್ಧರಸದ ಹನಿಯಲ್ಲಿ ಇಟ್ಟು, ಆ ಹನಿ ಗಾಜಿನಿಂದ ಕೆಳಗೆ ಜೋತಾಡುವಂತೆ ಮಾಡಿದ. ಹನಿ ಹೆಪ್ಪುಗಟ್ಟಿತು. ಅದರೊಳಗೆ ಎಳೆಗಳು ಬೆಳೆಯುತ್ತಾ ಹೋದವು, ತುದಿ ಬೆರಳಾಡಿಸುತ್ತಾ ಹೋಯಿತು. ಈಗ ಪ್ರಯೋಗಶಾಲೆಗಳಲ್ಲಿ ಜೀವಕೋಶ ಸಾಕುವ ಕಸುಬು ಶುರುವಾದದ್ದೇ ಆ ಹನಿಯಿಂದ.

ಗಾಲ್ಜಿಗೂ ಕಹಾಲ್‌ಗೂ 1906ರಲ್ಲಿ ಒಟ್ಟಿಗೇ ನೊಬೆಲ್ ಬಂತು. ಮಿದುಳೆಲ್ಲ ಒಂದೇ ಬಲೆ ಅಂತ ಗಾಲ್ಜಿ, ಬೇರೆ ಬೇರೆ ಕೋಶ ಅಂತ ಕಹಾಲ್. ಬಹುಮಾನದ ಭಾಷಣದಲ್ಲೂ ಇಬ್ಬರೂ ತಮ್ಮ ತಮ್ಮ ಮಾತನ್ನೇ ಹಿಡಿದು ನಿಂತರು.

ಪ್ರಶ್ನೆ: ಮೇಡಂ, ನಾನು ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಓದುತ್ತಿದ್ದೇನೆ. ಬೆಳೆತುದಿಯನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೀವೇ ಕಣ್ಣಾರೆ ನೋಡಿದ್ದೀರಾ, ಅಥವಾ ಪುಸ್ತಕ ಓದಿ ಬರೆಯುತ್ತೀರಾ?
— ಕಲಬುರಗಿ

ಪ್ರಶ್ನೆ ಚೆನ್ನಾಗಿದೆ. ಕೇಳುವ ಧೈರ್ಯ ಇನ್ನೂ ಚೆನ್ನಾಗಿದೆ. ನೋಡಿದ್ದೇನೆ. ನೋಡಿ ಮೋಸವೂ ಹೋಗಿದ್ದೇನೆ.

1986ರಲ್ಲಿ ನಾನು ಹೈದರಾಬಾದಿಗೆ ಹೋಗಿ ಒಂದು ಸಂಸ್ಥೆಯಲ್ಲಿ ಎರಡು ವರ್ಷ ಇದ್ದೆ. ಎಂಟು ದಿನ ಕಾವು ಕೊಟ್ಟ ಮೊಟ್ಟೆ ಒಡೆದು, ಮರಿಯ ಬೆನ್ನುಮೂಳೆಯ ಪಕ್ಕದ ನರಗಂಟು ತೆಗೆದು, ಗಾಜಿನ ಮೇಲೆ ಸಾಕುತ್ತಿದ್ದೆ. ಒಂದು ದಿನ ಕಳೆದರೆ ಗಂಟಿನ ಸುತ್ತ ಎಳೆಗಳು ಸೂರ್ಯನ ಕಿರಣದ ಹಾಗೆ ಹರಡುತ್ತಿದ್ದವು. ಎಳೆಗಳು ಹಾಗೆ ಹೊಮ್ಮಲು ಎನ್‌ಜಿಎಫ್ ಅನ್ನೋ ಪೋಷಕ ಪ್ರೋಟೀನ್ ಹಾಕಬೇಕು. ಅದನ್ನು ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿಗೆ ಅದೇ ವರ್ಷ ನೊಬೆಲ್ ಬಂತು. ಯುದ್ಧದ ಕಾಲದಲ್ಲಿ ಯಹೂದಿ ಅಂತ ಕೆಲಸದಿಂದ ಹೊರಹಾಕಿದಾಗ ಆಕೆ ತನ್ನ ಮಲಗುವ ಕೋಣೆಯಲ್ಲೇ ಕೋಳಿಮೊಟ್ಟೆ ಇಟ್ಟುಕೊಂಡು ಸಂಶೋಧನೆ ಮಾಡಿದವಳು. ಸುದ್ದಿ ಬಂದ ದಿನ ನಮ್ಮ ಲ್ಯಾಬಿನಲ್ಲಿ ನಾವು ಮೂವರು ಹೆಂಗಸರು ಮಿರ್ಚಿ ಭಜಿ ತರಿಸಿಕೊಂಡು ತಿಂದೆವು.

ಇರಲಿ, ಕೆಲಸಕ್ಕೆ ಬರೋಣ. ಎಳೆಗಳು ಬೆಳೆದ ಗಾಜಿನ ಮೇಲೆ ಗ್ಲುಟರಾಲ್ಡಿಹೈಡ್ ಸುರಿದರೆ ಎಲ್ಲ ಇದ್ದಹಾಗೇ ಗಟ್ಟಿಯಾಗುತ್ತದೆ. ಆಮೇಲೆ ಆಸ್ಮಿಯಂ, ಪೊರೆಗಳನ್ನು ಕಪ್ಪು ಮಾಡಲಿಕ್ಕೆ. ಆಮೇಲೆ ಆಲ್ಕೋಹಾಲಿನಲ್ಲಿ ನೀರು ತೆಗೆದು, ಅಂಟಿನಂಥ ರೆಸಿನ್ ತುಂಬಿ, 60 ಡಿಗ್ರಿ ಒಲೆಯಲ್ಲಿಟ್ಟರೆ ಅದು ಕಲ್ಲಾಗುತ್ತದೆ. ಆ ಕಲ್ಲನ್ನು ಹೋಳು ಮಾಡಬೇಕು. ಚಾಕು ಗಾಜಿನದು. ದಪ್ಪ ಗಾಜಿನ ಪಟ್ಟಿಯನ್ನು ಚೌಕ ಮುರಿದು, ಚೌಕವನ್ನು ಮೂಲೆಯಿಂದ ಮೂಲೆಗೆ ಮುರಿದರೆ ಸಿಗುವ ಅಂಚೇ ಚಾಕು. ಅದರ ಬೆನ್ನಿಗೆ ಪುಟ್ಟ ತೊಟ್ಟಿ ಕಟ್ಟಿ, ಸಂದಿಗೆ ಉಗುರುಬಣ್ಣ ಹಚ್ಚಿ, ನೀರು ತುಂಬುತ್ತಿದ್ದೆ. ಹೋಳುಗಳು ನೀರಿನ ಮೇಲೆ ತೇಲಿ ಬರುತ್ತಿದ್ದವು. ಅವುಗಳ ಬಣ್ಣ ನೋಡಿ ದಪ್ಪ ಹೇಳಬೇಕು. ಬಂಗಾರದ ಬಣ್ಣ ಬಂದರೆ ದಪ್ಪವಾಯಿತು, ಬಿಸಾಡು. ಬೆಳ್ಳಿ ಬಣ್ಣ ಬಂದರೆ ಸುಮಾರು 70 ನ್ಯಾನೋಮೀಟರ್, ಇಟ್ಟುಕೋ. ಅವನ್ನು ಕೈಯಿಂದ ಮುಟ್ಟುವಂತಿಲ್ಲ, ಚಿಮಟ ತಾಗಿಸುವಂತಿಲ್ಲ. ಕಡ್ಡಿ ತುದಿಗೆ ಒಂದು ರೆಪ್ಪೆಗೂದಲು ಅಂಟಿಸಿ ಅದರಿಂದ ಮೆಲ್ಲಗೆ ಸರಿಸಬೇಕು. ಲ್ಯಾಬಿನಲ್ಲಿ ನನ್ನ ರೆಪ್ಪೆಗೂದಲಿಗೆ ಭಾಳ ಬೇಡಿಕೆ ಇತ್ತು.

ಲೆಕ್ಕ ಹಾಕಿ ನೋಡಿ. ಬೆಳೆತುದಿಯ ಒಂದು ಬೆರಳು 200 ನ್ಯಾನೋಮೀಟರ್ ದಪ್ಪ, ಅಂದರೆ ಮಲಗಿದ ಬೆರಳಿಗೆ ಮೂರೇ ಹೋಳು. ಒಂದು ಹೋಳು ಮಡಚಿಕೊಂಡರೆ ಬೆರಳಿನ ಮೂರನೇ ಒಂದು ಪಾಲು ಹೋಯಿತು.

ಮೊದಲ ಬಾರಿ ಕತ್ತಲೆ ಕೋಣೆಯ ಹಸಿರು ತೆರೆಯ ಮೇಲೆ ಬೆಳೆತುದಿ ಕಂಡಾಗ ನಾನು ಗಮನಿಸಿದ್ದು ಗುಳ್ಳೆಗಳನ್ನು. ಅಂಗೈಯ ಅಂಚಿನಲ್ಲಿ, ಕೆಲವು ಕಡೆ ಬೆರಳ ಬುಡದಲ್ಲಿ, ರಾಶಿ ರಾಶಿ ಗುಳ್ಳೆ. ಹೊಸ ಪೊರೆ ಇಲ್ಲಿಂದಲೇ ಸೇರುತ್ತದೆ, ದಾಸ್ತಾನು ಕೋಣೆ ಸಿಕ್ಕಿತು ಅಂತ ನಾಲ್ಕು ತಿಂಗಳು ಅದೇ ಎಣಿಸಿದೆ. ಫೋಟೋ ತೆಗೆದೆ, ಪಟ್ಟಿ ಮಾಡಿದೆ. ನಮ್ಮ ಗೈಡ್ ಫೋಟೋಗಳನ್ನು ಮೇಜಿನ ಮೇಲೆ ಹರಡಿಕೊಂಡು ಸುಮ್ನೆ ಒಂದು ಮಾತು ಕೇಳಿದರು: "ಗ್ಲುಟರಾಲ್ಡಿಹೈಡ್ ಹಾಕಿದ ಮೇಲೆ ಇದು ಸಾಯಲು ಎಷ್ಟು ಹೊತ್ತು ತೆಗೆದುಕೊಂಡಿತು?" ನನಗೆ ಗೊತ್ತಿರಲಿಲ್ಲ. ಒಳಗಿನದೆಲ್ಲ ಅದೇ ಕ್ಷಣಕ್ಕೆ ಗಟ್ಟಿಯಾಗುವುದಿಲ್ಲ. ಆ ಹೊತ್ತಿನಲ್ಲಿ ಪೊರೆ ಸುರುಟಿ, ಕಿತ್ತು, ಗುಳ್ಳೆಯಾಗಿಬಿಡಬಹುದು. ಅಷ್ಟರಲ್ಲಾಗಲೇ, 1981ರಲ್ಲಿ, ಬೇರೆಯವರು ಬೆಳೆತುದಿಯನ್ನು ರಾಸಾಯನಿಕ ಇಲ್ಲದೆ ಕ್ಷಣದಲ್ಲೇ ಹೆಪ್ಪುಗಟ್ಟಿಸಿ ನೋಡಿದ್ದರು. ಅಂಥ ಗುಳ್ಳೆ ರಾಶಿ ಅವರಿಗೆ ಸಿಕ್ಕಿರಲಿಲ್ಲ. ಆ ಲೇಖನ ನಮ್ಮ ಲೈಬ್ರರಿಯಲ್ಲೇ ಇತ್ತು. ನಾನು ಓದಿರಲಿಲ್ಲ.

ಗುಳ್ಳೆಗಳು ಇಲ್ಲವೇ ಇಲ್ಲ ಅಂತಲ್ಲ, ಇವೆ. ನಾನು ಎಣಿಸಿದ ಆ ರಾಶಿಗಳಲ್ಲಿ ಬಹುಪಾಲು ನಾನೇ ಕೊಲ್ಲುವಾಗ ಮಾಡಿದ್ದು. ನೀವು ಟೆಕ್ನಿಷಿಯನ್ ಆಗುವವರು. ಸ್ಲೈಡಿನ ಮೇಲೆ ಏನಾದರೂ ಅಪರೂಪದ್ದು ಕಂಡರೆ ಮೊದಲು ಅದನ್ನು ಗಟ್ಟಿಮಾಡಲು ಹಾಕಿದ ಫಾರ್ಮಲಿನ್ ಬಾಟಲಿಯ ತಾರೀಖು ನೋಡಿ.

ಪ್ರಶ್ನೆ: ನರದ ತುದಿ "ದಾರಿ ಹುಡುಕುತ್ತದೆ" ಎಂದು ಬರೆದಿದ್ದೀರಿ. ಹುಡುಕಲು ಅದಕ್ಕೆ ಬುದ್ಧಿಯಿದೆಯೇ? ವಿಜ್ಞಾನದ ಅಂಕಣದಲ್ಲಿ ಇಂಥ ಕಾವ್ಯ ಬೇಕೇ?
— ನಿವೃತ್ತ ಮುಖ್ಯೋಪಾಧ್ಯಾಯರು, ಚಿತ್ತಾಪುರ

ಸರ್, ನಿಮ್ಮ ಬೆತ್ತದ ಏಟು ಒಪ್ಪಿಕೊಂಡೆ. ಬುದ್ಧಿ ಇಲ್ಲ. ನಕ್ಷೆಯೂ ಇಲ್ಲ. ಆದರೆ 'ಹುಡುಕುತ್ತದೆ' ಅನ್ನೋ ಪದ ವಾಪಸ್ ತೆಗೆದುಕೊಳ್ಳಲು ನನಗೆ ಮನಸ್ಸಿಲ್ಲ. ಯಾಕೆ ಅಂತ ಹೇಳುತ್ತೇನೆ, ನೀವೇ ಪರಾಂಬರಿಸಿ.

ಬೆಳೆತುದಿಯ ಮೈಮೇಲೆ ವಾಸನೆ ಹಿಡಿದಂತೆ ಸುಳಿವು ಹಿಡಿಯುವ ಗ್ರಾಹಕಗಳು, ಅಂದರೆ ರಿಸೆಪ್ಟರ್‌ಗಳು, ಇವೆ. ದಾರಿಯ ಜೀವಕೋಶಗಳು ಬಿಡುವ ಪ್ರೋಟೀನುಗಳು ಅವಕ್ಕೆ ತಾಗುತ್ತವೆ. ಕೆಲವು ಬಾ ಅನ್ನುತ್ತವೆ, ಕೆಲವು ಹೋಗು ಅನ್ನುತ್ತವೆ. ಬಾ ಅನ್ನುವ ಕಡೆಯ ಬೆರಳುಗಳು ಗಟ್ಟಿಯಾಗುತ್ತವೆ, ಹೋಗು ಅನ್ನುವ ಕಡೆಯವು ಕುಸಿಯುತ್ತವೆ, ತುದಿ ತಿರುಗುತ್ತದೆ. ಅಷ್ಟೇ ಕೆಲಸ. 1994ರಲ್ಲಿ ಸಿಕ್ಕ ಒಂದು ಪ್ರೋಟೀನಿಗೆ ನೆಟ್ರಿನ್ ಅಂತ ಹೆಸರಿಟ್ಟರು. ದಾರಿ ತೋರುವವನು ಅನ್ನೋ ಅರ್ಥದ ಸಂಸ್ಕೃತದ 'ನೇತೃ' ಪದದಿಂದಲೇ ಅದನ್ನು ತೆಗೆದುಕೊಂಡದ್ದು. ಇದು ನನ್ನ ಕಾವ್ಯ ಅಲ್ಲ ಸರ್, ಅವರದು.

ಬೆನ್ನುಹುರಿಯಲ್ಲಿ ಎಡದ ಕೆಲವು ಎಳೆಗಳು ಬಲಕ್ಕೆ ದಾಟಬೇಕು. ನಡುಗೆರೆಯ ಕೋಶಗಳು ನೆಟ್ರಿನ್ ಬಿಟ್ಟು ಕರೆಯುತ್ತವೆ, ಎಳೆ ಬರುತ್ತದೆ. ಬಂದದ್ದು ಅಲ್ಲೇ ಯಾಕೆ ನಿಲ್ಲುವುದಿಲ್ಲ? ಅದೇ ನಡುಗೆರೆ ಸ್ಲಿಟ್ ಅನ್ನೋ ಇನ್ನೊಂದು ಪ್ರೋಟೀನನ್ನೂ ಬಿಡುತ್ತಿರುತ್ತದೆ, ಅದು ಹೋಗು ಅನ್ನುವಂಥದ್ದು. ದಾಟುವ ಮುಂಚೆ ಬೆಳೆತುದಿಗೆ ಅದು ಕೇಳಿಸುವುದಿಲ್ಲ. ದಾಟಿದ ಮೇಲೆ ಅದರ ಗ್ರಾಹಕ ಮೈಮೇಲೆ ಏರುತ್ತದೆ, ಈಗ ಕೇಳಿಸುತ್ತದೆ, ದೂರ ಸರಿಯುತ್ತದೆ. ಮತ್ತೆ ವಾಪಸ್ ಬರುವುದಿಲ್ಲ.

ಇನ್ನೊಂದು ಪ್ರಯೋಗ ನಿಮಗೆ ಹಿಡಿಸಬಹುದು. 1987ರಲ್ಲಿ ಕಪ್ಪೆ ಭ್ರೂಣದ ಕಣ್ಣಿನಿಂದ ಮಿದುಳಿಗೆ ಹೊರಟ ಎಳೆಗಳನ್ನು ದಾರಿಯಲ್ಲಿದ್ದಾಗಲೇ ಕಣ್ಣಿನಿಂದ ಕತ್ತರಿಸಿದರು. ಕೋಶದ ಮೈ ಇಲ್ಲ, ನ್ಯೂಕ್ಲಿಯಸ್ ಇಲ್ಲ, ಬರೀ ಬಾಲ ಮತ್ತು ತುದಿ. ಆದರೂ ಕೆಲವು ಗಂಟೆ ಕಾಲ ಎಳೆಗಳು ಸರಿ ದಾರಿಯಲ್ಲೇ ನಡೆದು ತಲುಪಬೇಕಾದ ಜಾಗಕ್ಕೆ ತಲುಪಿದವು. ತಲೆಯನ್ನೇ ಕೇಳದೆ ಕೈ ಒಂದೇ ಹೋಗಿ ಬಾಗಿಲು ತಟ್ಟಿದ ಹಾಗೆ. ಇದಕ್ಕೆ ಹುಡುಕುವುದು ಅನ್ನದೆ ಬೇರೆ ಪದ ನಿಮಗೆ ತೋಚಿದರೆ ದಯವಿಟ್ಟು ಬರೆಯಿರಿ, ಮುಂದಿನ ತಿಂಗಳಿಂದ ಅದನ್ನೇ ಬಳಸುತ್ತೇನೆ.

ಪ್ರಶ್ನೆ: ಸೊಸೆ ಈಗ ಬಸುರಿ, ಮೂರು ತಿಂಗಳು. ಕೇಸರಿ ಹಾಲು ಕುಡಿಸಿದರೆ ಕೂಸಿನ ನರದ ತುದಿ ಜೋರು ಬೆಳಿತಾವೇನ್ರೀ?
— ಗೃಹಿಣಿ, ಸುರಪುರ, ಯಾದಗಿರಿ ಜಿಲ್ಲೆ

ಕೇಸರಿಯಿಂದ ಏನೂ ಆಗಲ್ಲ ಅಕ್ಕಾ. ಹಾಲು ಒಳ್ಳೆಯದು, ಕೊಡಿ. ಆ ಕೇಸರಿ ದುಡ್ಡಿಗೆ ಮೊಟ್ಟೆ, ತೊಗರಿಬೇಳೆ, ಸೊಪ್ಪು ಜಾಸ್ತಿ ಬರುತ್ತವೆ. ಅಯೋಡಿನ್ ಇರುವ ಉಪ್ಪನ್ನೇ ಬಳಸಿ, ಕೂಸಿನ ಮಿದುಳು ಬೆಳೆಯಲು ಥೈರಾಯ್ಡ್ ಹಾರ್ಮೋನು ಬೇಕು, ಅದಕ್ಕೆ ಅಯೋಡಿನ್ ಬೇಕು. ಆಶಾ ಕಾರ್ಯಕರ್ತೆ ಕೊಡುವ ಗುಳಿಗೆ ತಪ್ಪಿಸಬೇಡಿ. ಫೋಲಿಕ್ ಆಸಿಡ್ ಗುಳಿಗೆಯನ್ನು ಬಸುರಿ ಆಗುವ ಮುಂಚೆಯೇ ಶುರುಮಾಡಬೇಕು. ಮಿದುಳು, ಬೆನ್ನುಹುರಿ ಆಗುವ ಕೊಳವೆ ಗರ್ಭ ನಿಂತ 28ನೇ ದಿನದ ಹೊತ್ತಿಗೇ ಮುಚ್ಚಿಕೊಂಡುಬಿಡುತ್ತದೆ. ಇದನ್ನು ಚಿಕ್ಕ ಸೊಸೆಗೆ ನೆನಪಿಟ್ಟು ಹೇಳಿ.

ನಿಮ್ಮ ಸೊಸೆಯ ಈ ಹೊತ್ತಿನಲ್ಲೇ ಕೂಸಿನ ಮಿದುಳಿನ ಎಡ ಬಲ ಭಾಗಗಳನ್ನು ಕಟ್ಟುವ ಎಳೆಗಳು ದಾಟಲು ಶುರುಮಾಡುತ್ತವೆ. ಕಡೆಗೆ ಆ ಸೇತುವೆಯಲ್ಲಿ ಸುಮಾರು 20 ಕೋಟಿ ಎಳೆ ಇರುತ್ತವೆ. ಕುಡಿತ ಅದನ್ನು ಕೆಡಿಸಬಲ್ಲದು. ಸೇಂದಿಯಾದರೂ ಅದೇ ಮಾತು, "ತಂಪಿಗೆ ಒಂದು ಲೋಟ" ಅನ್ನುವವರ ಮಾತು ಕೇಳಬೇಡಿ.

ಪ್ರಶ್ನೆ: ಶಹಾಬಾದಿನಲ್ಲಿ ಫರಸಿ ಕಲ್ಲು ಕೊಯ್ಯುವ ಕೆಲಸ. ಮಷಿನಿಗೆ ಸಿಕ್ಕಿ ಮಣಿಕಟ್ಟಿನ ಹತ್ತಿರ ನರ ಕಡಿಯಿತು, ಹೊಲಿಗೆ ಹಾಕಿದ್ದಾರೆ. ಮೂರು ತಿಂಗಳಾಯಿತು. ಕಿರುಬೆರಳು ಇನ್ನೂ ಜೋಮು. ಈಗ ಅಂಗೈ ಮೇಲೆ ತಟ್ಟಿದರೆ ಕಿರುಬೆರಳಿಗೆ ಕರೆಂಟ್ ಹೊಡೆದಂಗ ಆಗ್ತದ. ನರ ಮತ್ತ ಕೆಟ್ಟಿತೇನು?
— ಓದುಗರು, ಶಹಾಬಾದ್

ಅಣ್ಣಾ, ಈ ಪುಟದಲ್ಲಿ ನಾನು ಬರೆಯಬೇಕಾಗಿದ್ದ ಅತಿ ಒಳ್ಳೆ ಸುದ್ದಿ ನಿಮ್ಮದೇ ಇರಬಹುದು. ಆ ಕರೆಂಟು ಬೆಳೆತುದಿ.

ನರ ಕಡಿದಾಗ ಗಾಯದಿಂದ ಆಚೆಯ ತುಂಡು ಸಾಯುತ್ತದೆ. ಆದರೆ ಅದರ ಸುತ್ತ ಇದ್ದ ಶ್ವಾನ್ ಕೋಶಗಳು ಸಾಯುವುದಿಲ್ಲ, ಸಾಲಾಗಿ ನಿಂತು ಖಾಲಿ ಪೈಪಿನಂತೆ ದಾರಿ ಬಿಡುತ್ತವೆ. ಈಚೆಯ ತುಂಡಿನ ತುದಿಯಲ್ಲಿ ಮತ್ತೆ ಬೆಳೆತುದಿ ಮೂಡುತ್ತದೆ, ಹೊಟ್ಟೆಯಲ್ಲಿದ್ದಾಗ ಮೂಡಿದಂತೆಯೇ. ಬೆರಳು ಚಾಚುತ್ತದೆ, ಹೊಲಿಗೆ ದಾಟುತ್ತದೆ, ಪೈಪು ಹಿಡಿದು ನಡೆಯುತ್ತದೆ. ದಿನಕ್ಕೆ ಸುಮಾರು 1 ಮಿಲಿಮೀಟರ್. ಹೊಸ ಎಳೆಗೆ ಇನ್ನೂ ಮೇಲುಹೊದಿಕೆ ಬಂದಿರುವುದಿಲ್ಲ, ಅದಕ್ಕೇ ತಟ್ಟಿದರೆ ಝುಂ ಅನ್ನುತ್ತದೆ. 1915ರಲ್ಲಿ, ಮಹಾಯುದ್ಧ ನಡೆದಾಗ, ಗಾಯಗೊಂಡ ಸೈನಿಕರಲ್ಲಿ ಇದನ್ನು ಜರ್ಮನಿಯ ಹಾಫ್‌ಮನ್ ಒಂದು ಕಡೆ, ಫ್ರಾನ್ಸಿನ ಟಿನೆಲ್ ಇನ್ನೊಂದು ಕಡೆ ಗುರುತಿಸಿದರು. ಒಬ್ಬರದು ಒಬ್ಬರಿಗೆ ಗೊತ್ತಿರಲಿಲ್ಲ. ಡಾಕ್ಟರುಗಳು ಈಗಲೂ ಟಿನೆಲ್ ಸೈನ್ ಅನ್ನುತ್ತಾರೆ.

ಒಂದು ಕೆಲಸ ಮಾಡಿ. ಇವತ್ತು ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ, ಕಿರುಬೆರಳ ತುದಿಯಿಂದ ಮಣಿಕಟ್ಟಿನ ಕಡೆಗೆ ಬನ್ನಿ. ಮೊದಲು ಎಲ್ಲಿ ಕರೆಂಟು ಹೊಡೆಯುತ್ತದೋ ಅಲ್ಲಿಗೂ ಹೊಲಿಗೆಗೂ ನಡುವಿನ ಅಂತರ ಸ್ಕೇಲಿನಿಂದ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ತಿಂಗಳು ಬಿಟ್ಟು ಮತ್ತೆ ಅಳೆಯಿರಿ. ಎರಡೂವರೆ, ಮೂರು ಸೆಂಟಿಮೀಟರ್ ಮುಂದೆ ಹೋಗಿದ್ದರೆ ತುದಿ ನಡೆಯುತ್ತಿದೆ. ಎರಡು ಮೂರು ತಿಂಗಳಾದರೂ ಅದೇ ಜಾಗದಲ್ಲಿ ನಿಂತಿದ್ದರೆ ಆ ಕ್ಯಾಲೆಂಡರ್ ಸಮೇತ ಹೊಲಿಗೆ ಹಾಕಿದ ಡಾಕ್ಟರ ಬಳಿ ಹೋಗಿ. ಮಣಿಕಟ್ಟಿನಿಂದ ಕಿರುಬೆರಳ ತುದಿ ಹದಿನೈದು, ಹದಿನಾರು ಸೆಂಟಿಮೀಟರ್ ಇರುತ್ತದೆ. ಶುರುವಾಗಲು ಹಿಡಿಯುವ ಕೆಲವು ವಾರ ಸೇರಿಸಿದರೆ ಒಟ್ಟು ಆರೇಳು ತಿಂಗಳ ದಾರಿ.

ಕರೆಂಟು ಬಂದ ಮಾತ್ರಕ್ಕೆ ಕೈ ಮೊದಲಿನಂತೆ ಆಗುತ್ತದೆ ಅಂತ ನಾನು ಹೇಳಲಾರೆ. ಕೆಲವು ಎಳೆ ಬೇರೆ ಪೈಪಿಗೆ ಹೋಗುತ್ತವೆ, ಕೆಲವು ತಲುಪುವುದೇ ಇಲ್ಲ. ಕಾಯುವಾಗ ಬೆರಳುಗಳ ವ್ಯಾಯಾಮ ಬಿಡಬೇಡಿ. ಜೋಮು ಹಿಡಿದ ಬೆರಳಿಗೆ ಬಿಸಿ ತಿಳಿಯುವುದಿಲ್ಲ, ಚಹಾ ಲೋಟ, ಬೀಡಿ ಹುಷಾರು. ಕಲ್ಲಿನ ಮಷಿನ್ ಸದ್ಯಕ್ಕೆ ಬೇಡ.

ಪ್ರಶ್ನೆ: ನಮ್ಮ ತಮ್ಮ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಎರಡು ವರ್ಷ. ಕೈಯ ನರ ಬೆಳೆಯುವುದಾದರೆ ಇದು ಯಾಕೆ ಬೆಳೆಯಲ್ಲ?
— ಹುಮನಾಬಾದ್, ಬೀದರ್ ಜಿಲ್ಲೆ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬೆನ್ನುಹುರಿಯ ಎಳೆಗಳೂ ಕಡಿದ ಮೇಲೆ ಬೆಳೆಯಲು ನೋಡುತ್ತವೆ. ಆದರೆ ಅಲ್ಲಿನ ನೆಲ ಬೇರೆ. ಗಾಯದ ಕಲೆಯೂ, ಅಲ್ಲಿನ ಹೊದಿಕೆಯ ಪ್ರೋಟೀನುಗಳೂ ತುದಿಗೆ ನಿಲ್ಲು ಅನ್ನುತ್ತವೆ. ಬೆರಳುಗಳು ಮಡಚಿ ತುದಿ ಗುಂಡಗೆ ಊದಿಕೊಂಡು ಅಲ್ಲೇ ಕೂತುಬಿಡುತ್ತದೆ. ಆ ಊದಿದ ತುದಿಗಳನ್ನು ಕಹಾಲ್‌ನೇ ಕಂಡು ಚಿತ್ರ ಬರೆದಿದ್ದ. 1981ರಲ್ಲಿ ಕೆನಡಾದ ಡೇವಿಡ್ ಮತ್ತು ಅಗ್ವಾಯೊ ಇಲಿಯ ಕಾಲಿನ ನರದ ತುಂಡನ್ನು ಸೇತುವೆಯಂತೆ ಬೆನ್ನುಹುರಿಗೆ ಜೋಡಿಸಿದರು. ಅದೇ ಬೆನ್ನುಹುರಿಯ ಎಳೆಗಳು ಆ ಸೇತುವೆಯೊಳಗೆ ಸರಾಗ ಬೆಳೆದವು. ಮತ್ತೆ ಬೆನ್ನುಹುರಿ ಸಿಕ್ಕ ಕೂಡಲೇ ಹೆಚ್ಚುಕಡಿಮೆ ನಿಂತುಬಿಟ್ಟವು. ಕೆಲಸ ನಡೆದಿದೆ, ಆದರೆ ಪೇಟೆಯಲ್ಲಿ ಸಿಗುವ ಮದ್ದು ಇನ್ನೂ ಆಗಿಲ್ಲ. ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟು ನಡೆಸುತ್ತೇವೆ ಅಂತ ಲಕ್ಷಗಟ್ಟಲೆ ಕೇಳುವವರಿಗೆ ಹೊಲ ಮಾರಬೇಡಿ. ಅದೇ ದುಡ್ಡಿನಲ್ಲಿ ಒಳ್ಳೆ ಗಾಲಿಕುರ್ಚಿ, ಹಾಸಿಗೆ ಹುಣ್ಣಾಗದಂಥ ಗಾದಿ, ಫಿಸಿಯೋಥೆರಪಿ ನೋಡಿ.

ಪ್ರಶ್ನೆ: ಅಜ್ಜಿ, ತುದಿ ಹೋಗಬೇಕಾದಲ್ಲಿ ಹೋಗಿ ಮುಟ್ಟಿದ ಮ್ಯಾಲ ಬೆರಳು ಎಲ್ಲಿ ಹೋಗ್ತಾವ?
— 7ನೇ ತರಗತಿ, ಆಳಂದ

ಇದುವರೆಗೆ ನನ್ನನ್ನು ಅಜ್ಜಿ ಅಂತ ಬರೆದ ಮೊದಲ ಓದುಗ ನೀನು, ಆಗಲಿ.

ಬೆರಳು ಮೊದಲು ತಲುಪಬೇಕಾದ ಕೋಶವನ್ನು ಮುಟ್ಟುತ್ತದೆ. ಎರಡೂ ಕಡೆಯ ಪ್ರೋಟೀನುಗಳು ಒಂದಕ್ಕೊಂದು ಹೊಂದಿಕೊಂಡರೆ ಬೆರಳು ವಾಪಸ್ ಹೋಗುವುದಿಲ್ಲ. ಉಳಿದ ಬೆರಳುಗಳು ಒಳಗೆ ಸೇರಿಕೊಳ್ಳುತ್ತವೆ. ಓಡಾಡುತ್ತಿದ್ದ ಆಕ್ಟಿನ್ ನಿಧಾನ ಆಗುತ್ತದೆ. ಅಗಲವಾಗಿದ್ದ ಅಂಗೈ ಗುಂಡಗಾಗಿ ಗಂಟಾಗುತ್ತದೆ. ಅದೇ ಸೇಡಂನ ಅಕ್ಕನ ಪುಸ್ತಕದಲ್ಲಿರುವ ಗುಂಡು ಗುಂಡು. ಆ ಗಂಟು ಪಕ್ಕದ ಕೋಶವನ್ನು ಸಂಧಿಸುವ ಜಾಗದ ಹೆಸರು ಸೈನಾಪ್ಸ್. ಯಾರನ್ನೂ ಮುಟ್ಟದೆ ಉಳಿದ ಕೋಶಗಳಲ್ಲಿ ಎಷ್ಟೋ ಸಾಯುತ್ತವೆ, ಅದೂ ಮಿದುಳು ಕಟ್ಟುವ ಕೆಲಸದಲ್ಲಿ ಇದ್ದದ್ದೇ.

ಆ ಗಂಟಿನ ಒಳಗೆ, ಪಕ್ಕದ ಕೋಶಕ್ಕೆ ಎದುರಾಗಿರುವ ಗೋಡೆಯ ಹತ್ತಿರ, 40 ನ್ಯಾನೋಮೀಟರ್ ಅಗಲದ ಪುಟ್ಟ ಗುಳ್ಳೆಗಳು ಗುಂಪುಗೂಡುತ್ತವೆ. ಒಂದೊಂದರಲ್ಲೂ ಮುಂದಿನ ಕೋಶಕ್ಕೆ ಹೇಳಬೇಕಾದ ಸುದ್ದಿಯ ರಾಸಾಯನಿಕ ತುಂಬಿರುತ್ತದೆ. ಹೈದರಾಬಾದಿನಿಂದ ವಾಪಸ್ ಬಂದ ಮೇಲೆ ಆ ಗಂಟಿನ ಒಂದು ಫೋಟೋ ನನ್ನ ಕೋಣೆಯ ಗೋಡೆಗೆ ಅಂಟಿಸಿದ್ದೆ. ಕ್ಷಣದಲ್ಲಿ ಹೆಪ್ಪುಗಟ್ಟಿಸಿ ತೆಗೆದದ್ದು. ಆ ಗುಳ್ಳೆಗಳು ಅದರಲ್ಲೂ ಇದ್ದವು.